ಬಂಡಿ ಬಿಡುವ ಜಾಗ

ಭಾರತ ಹುಣ್ಣಿಮೆಯ ಸಮಯ, ಗೊರವಯ್ಯನ ಕಾರಣಿಕ ಕೇಳಲೆಂದು ಮೈಲಾರಕ್ಕೆ ಹೊರಟ ನಮ್ಮ ಬಂಡಿ ಕೊರ್ಲಹಳ್ಳಿಯ ಬಳಿ ತುಂಗಭದ್ರೆಯ ದಂಡೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ನೀರಿಗೆ ಸಮೀಪವೆಂದು ಬಾಲಕನಾದ ನಾನು ಮರಳನ್ನು ತೋರಿಸಿದೆ. ಗಾಲಿ ಹೂತೀತೆಂದು ತಂದೆಯವರು ಒಪ್ಪಲಿಲ್ಲ. ಮೇಲೆ ಜೋಳ ಕೊಯ್ದ ಎರೆಹೊಲ. ಕೂಳೆ ಚಿಗುರಿತ್ತು, ಎತ್ತುಗಳು ಅತ್ತಲೇ ಜಗ್ಗಿದವು. ತಂದೆ ಹಗ್ಗ ಸಡಿಲಿಸಲಿಲ್ಲ. “ಎಳೀ ಕೂಳಿ ಎತ್ತಿಗೆ ನಂಜು, ತಮ್ಮಾ” ಎಂದರು. ಆ ಚಿಗುರಿನಿಂದ ಸಯನೈಡು ಹುಟ್ಟುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅವರಿಗೆ ಅಕ್ಷರವೇ ಬಾರದು.

ಕೊನೆಗೆ ರೈತರೊಬ್ಬರನ್ನು ಕೇಳಿ ಅವರ ಕಣದ ಅಂಚಿನಲ್ಲಿ ನೊಗ ಇಳಿಸಿದೆವು. ಕೇಳದೆ ಇಳಿದಿದ್ದರೂ ಅವರೇನೂ ಅನ್ನುತ್ತಿರಲಿಲ್ಲವೇನೋ. ಕೇಳಿದ್ದಕ್ಕೆ ಒಣಮೇವೂ ದೊರೆಯಿತು. ಈಗ ಟ್ರ್ಯಾಕ್ಟರಿನ ಟ್ರೇಲರುಗಳೂ ಆ ಜಾತ್ರೆಗೆ ಹೋಗುತ್ತವೆ. ಅವಕ್ಕೆ ಮೇವು ಬೇಡ, ಗಟ್ಟಿ ನೆಲ ಬೇಕು.