ಸೈಕಲ್ ಏರಿದ ದರ್ಜಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಘಟ್ಟದ ರಸ್ತೆಗಳಲ್ಲಿ ಸಾಮಾನು ಕಟ್ಟಿಕೊಂಡು ಸೈಕಲ್ ತುಳಿಯುತ್ತ ಬರುವ ಯುವಕರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ರಾತ್ರಿ ತಂಗಲು ಅವರು ಬಿಚ್ಚುವ ಹಗುರವಾದ ಡೇರೆಯ ಸುತ್ತ ಊರಿನ ಮಕ್ಕಳು ನೆರೆಯುತ್ತಾರೆ. ಕೊಡೆಯಂತೆ ಅರಳುವ ಆ ಪುಟ್ಟ ಮನೆಯ ಹಿಂದೆ ಯಾವುದೋ ದೊಡ್ಡ ಕಾರ್ಖಾನೆಯ ಇಂಜಿನಿಯರನ ಬುದ್ಧಿ ಇರಬೇಕೆಂದು ಭಾವಿಸುವುದು ಸಹಜ. ಆದರೆ ಸೈಕಲ್ಲಿಗೆ ಕಟ್ಟಿ ಒಯ್ಯಬಲ್ಲ ಡೇರೆಯನ್ನು ರೂಪಿಸಿ ಜನರಲ್ಲಿ ಹರಡಿದವರ ಪೈಕಿ ಮೊದಲು ನೆನೆಯಬೇಕಾದವನು ಒಬ್ಬ ದರ್ಜಿ. ಅವನ ಹೆಸರು ಥಾಮಸ್ ಹಿರಾಮ್ ಹೋಲ್ಡಿಂಗ್. 1844ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಈತ ಲಂಡನ್ನಿನಲ್ಲಿ ಕತ್ತರಿ-ಸೂಜಿಗಳನ್ನು ನಂಬಿ ಬಾಳಿದವನು. ಬ್ರಿಟಿಷ್ ಸೇನೆ, ನೌಕಾಪಡೆ ಮತ್ತು ಆಸ್ಥಾನದ ಸಮವಸ್ತ್ರಗಳನ್ನು ಕುರಿತು 1894ರಲ್ಲಿ ಪುಸ್ತಕ ಬರೆದಷ್ಟು ತನ್ನ ಕಸುಬನ್ನು ಬಲ್ಲವನು.

ಡೇರೆಯ ಬದುಕು ಅವನಿಗೆ ಬಾಲ್ಯದಲ್ಲಿಯೇ ಪರಿಚಯವಾಗಿತ್ತು. 1853ರಲ್ಲಿ, ಸುಮಾರು ಒಂಬತ್ತು ವರ್ಷದ ಹುಡುಗನಾಗಿದ್ದಾಗ, ತಂದೆತಾಯಿಗಳೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಗಳ ಸಾಲಿನಲ್ಲಿ ದಾಟಿದ್ದನು. ಆ ದಾರಿ 1,200 ಮೈಲಿ. ಅದು ವಿಹಾರವಲ್ಲ, ವಲಸೆ. ಮುಂದೆ 1877ರ ಹೊತ್ತಿಗೆ ಸ್ಕಾಟ್ಲೆಂಡಿನ ಮಲೆಸೀಮೆಯಲ್ಲಿ ಪುಟ್ಟ ದೋಣಿಯೊಂದನ್ನು ನಡೆಸುತ್ತ, ದಡದಲ್ಲಿ ಡೇರೆ ಹಾಕುತ್ತ ಅಲೆದನು. ದೋಣಿಯಲ್ಲಿ ಭಾರದ ಚಿಂತೆ ಅಷ್ಟಿಲ್ಲ, ಹೊರುವುದು ನೀರು. ಸೈಕಲ್ಲಿನಲ್ಲಾದರೋ ಪ್ರತಿಯೊಂದು ತೊಲವನ್ನೂ ಹೊರಬೇಕಾದುದು ಸವಾರನ ಕಾಲುಗಳೇ. ಹೋಲ್ಡಿಂಗನ ಕಸುಬಿಗೆ ಹೊಸ ಪ್ರಶ್ನೆ ಎದುರಾದದ್ದು ಇಲ್ಲಿಯೇ.

ಸೈಕಲ್ ಕೂಡ ಆಗಷ್ಟೇ ಈಗಿನ ರೂಪಕ್ಕೆ ಬಂದಿತ್ತು. ಸರಪಳಿಯಿಂದ ಹಿಂದಿನ ಚಕ್ರ ತಿರುಗುವ 'ರೋವರ್' ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದನು. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಡನ್‌ಲಪ್, ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದನು. ಕಲ್ಲುರಸ್ತೆಯಲ್ಲಿ ಮೂಳೆ ಕುಲುಕದೆ ದೂರ ಸಾಗುವುದು ಅಲ್ಲಿಂದ ಸಾಧ್ಯವಾಯಿತು. ಕೆಲವು ವರ್ಷಗಳಲ್ಲೇ ಹೋಲ್ಡಿಂಗ್ ಜೊತೆಗಾರರೊಂದಿಗೆ ಐರ್ಲೆಂಡಿನ ಪಶ್ಚಿಮ ತೀರದ ಕನ್ನೆಮಾರಾ ಪ್ರದೇಶಕ್ಕೆ ಡೇರೆಸಹಿತ ಸೈಕಲ್ ಯಾತ್ರೆ ಕೈಗೊಂಡನು. ಅದರ ಕಥನ 1898ರಲ್ಲಿ ಪುಸ್ತಕವಾಗಿ ಹೊರಬಂತು.

ಪ್ರವಾಸದಿಂದ ಕಲಾವಿದನಿಗೂ ಕುಶಲಕರ್ಮಿಗೂ ಸ್ಫೂರ್ತಿ ದೊರೆಯುತ್ತದೆ ಎಂಬ ಮಾತು ಬಹಳ ಹಳೆಯದು. ಹಾಗೆಂದೊಡನೆ ಸೂರ್ಯೋದಯ, ಜಲಪಾತ, ಹಕ್ಕಿಗಳ ಕೂಗು ಕಣ್ಮುಂದೆ ಬರುತ್ತವೆ. ಇವುಗಳಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಈ ದರ್ಜಿಯ ವಿಷಯದಲ್ಲಿ ಸ್ಫೂರ್ತಿ ಬಂದದ್ದು ನೋಯುವ ಮಂಡಿಯಿಂದ, ನೆನೆದ ಬಟ್ಟೆಯಿಂದ. ಆ ಕಾಲದ ಡೇರೆ ಎಂದರೆ ದಪ್ಪ ಕ್ಯಾನ್ವಾಸಿನದು, ದಂಡಿನ ಹಿಂದೆ ಗಾಡಿಯಲ್ಲಿ ಸಾಗುವಂಥದ್ದು. ಮಳೆಯಲ್ಲಿ ನೆನೆದರಂತೂ ಅದರ ತೂಕ ಇನ್ನಷ್ಟು. ಹೋಲ್ಡಿಂಗ್ ಅದನ್ನು ಬಿಟ್ಟು ತೆಳುವಾದ ರೇಷ್ಮೆಗೆ ಕೈಹಾಕಿದನು. ಕಂಬಕ್ಕೆ ಒಂದರೊಳಗೊಂದು ಸೇರುವ ಬಿದಿರಿನ ತುಂಡುಗಳನ್ನು ಬಳಸಿದನು, ಗಾಳದ ಕೋಲಿನಂತೆ.

ರೇಷ್ಮೆ ಹಗುರವೆಂಬುದು ಯಾರಿಗೂ ಗೊತ್ತು. ಅದನ್ನು ಗಾಳಿಯಲ್ಲಿ ಹರಿಯದಂತೆ ನಿಲ್ಲಿಸುವುದು ದರ್ಜಿಯ ವಿದ್ಯೆ. ಬಟ್ಟೆಯನ್ನು ಹಾಸಿನ ನೂಲಿನ ಉದ್ದಕ್ಕೆ ಎಳೆದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಓರೆಯಾಗಿ ಎಳೆದರೆ ಹಿಗ್ಗಿ ಜೋಲುತ್ತದೆ. ರವಿಕೆಯ ತೋಳು ಕೂರಿಸುವ ಊರಿನ ದರ್ಜಿಗೂ ಇದು ತಿಳಿದದ್ದೇ. ಡೇರೆಯ ಹಗ್ಗ ಎತ್ತ ಎಳೆಯುವುದೋ ಹಾಸಿನ ನೂಲು ಅತ್ತ ಇರುವಂತೆ ಕತ್ತರಿಸಬೇಕು. ಸೂಜಿ ಹೊಕ್ಕ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಆದ್ದರಿಂದ ಹೊಲಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು, ಇರುವ ಹೊಲಿಗೆಯ ಅಂಚನ್ನು ಎರಡು ಬಾರಿ ಮಡಿಸಿ, ಮಡಿಕೆ ಇಳಿಜಾರಿನತ್ತ ಮುಖಮಾಡುವಂತೆ ಹಾಕಬೇಕು. ಗೂಟದ ಹಗ್ಗ ಕಟ್ಟುವ ಮೂಲೆಗೆ ಇನ್ನೊಂದು ಪದರ ತೇಪೆ ಬೇಕು. ಅಂಗಿಯಲ್ಲಿ ಇಂಥ ತಪ್ಪಾದರೆ ಗಿರಾಕಿ ಗೊಣಗಬಹುದು. ಡೇರೆಯಲ್ಲಿ ತಪ್ಪಾದರೆ ಮಧ್ಯರಾತ್ರಿ ಹೊಲಿದವನ ಮುಖದ ಮೇಲೆಯೇ ನೀರು ತೊಟ್ಟಿಕ್ಕುತ್ತದೆ. ಕೆಲಸಗಾರನೇ ಬಳಕೆದಾರನೂ ಆದಾಗ ದೊರೆಯುವ ಶಿಕ್ಷಣ ಇದು; ಅಂಗಡಿಯ ಮೇಜಿನ ಹಿಂದೆ ಕುಳಿತವನಿಗೆ ದಕ್ಕುವುದಿಲ್ಲ.

ಅಡುಗೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಸ್ವೀಡನ್ನಿನಲ್ಲಿ 1892ರ ಸುಮಾರಿಗೆ ಹುಟ್ಟಿದ ಪ್ರೈಮಸ್ ಒಲೆ ಈ ಸೈಕಲ್ ಸವಾರರ ಮೆಚ್ಚಿನ ಸಂಗಾತಿಯಾಯಿತು. ಮಲೆನಾಡಿನ ಮನೆಗಳಲ್ಲೂ ಒಂದು ಕಾಲಕ್ಕೆ ಭೋರ್ಗರೆಯುತ್ತಿದ್ದ ಪಂಪ್ ಸ್ಟವ್ ಅದೇ ವಂಶದ್ದು. ತಂಗಿದಲ್ಲೆಲ್ಲ ಕಟ್ಟಿಗೆ ಕಡಿಯುವ, ಬೆಂಕಿಯ ಕರಿಕಲೆ ಬಿಟ್ಟು ಹೋಗುವ ಪ್ರಮೇಯ ಅದರಿಂದ ತಪ್ಪಿತು.

ಆದರೆ ಕನ್ನೆಮಾರಾ ಎಂಬುದು ಬರಿಯ ಸುಂದರ ದೃಶ್ಯವಾಗಿರಲಿಲ್ಲ ಎಂಬುದನ್ನು ಮಲೆನಾಡಿನ ಜನ ಬೇಗ ಗ್ರಹಿಸಬಲ್ಲರು. ಬೆಟ್ಟ, ಜೌಗು, ಎಡೆಬಿಡದ ಮಳೆಯ ಆ ನೆಲದಲ್ಲಿ ಜನ ಜೌಗಿನ ಇದ್ದಿಲುಮಣ್ಣನ್ನು ಕಡಿದು ಒಣಗಿಸಿ ಒಲೆ ಉರಿಸುತ್ತಿದ್ದರು. 1845ರಿಂದ ಆರಂಭವಾದ ಆಲೂಗಡ್ಡೆಯ ಕ್ಷಾಮ ಪಶ್ಚಿಮ ಐರ್ಲೆಂಡನ್ನು ಹಿಂಡಿತ್ತು. ಹೊಟ್ಟೆಪಾಡಿಗಾಗಿ ಊರು ಬಿಡುವವರ ಸಾಲು ಹತ್ತೊಂಬತ್ತನೆಯ ಶತಮಾನದ ಕೊನೆಗೂ ನಿಂತಿರಲಿಲ್ಲ. ಬಡ ಪ್ರದೇಶಗಳಿಗೆಂದೇ ಸರ್ಕಾರ 1891ರಲ್ಲಿ ಮಂಡಳಿಯೊಂದನ್ನು ರಚಿಸಬೇಕಾಗಿ ಬಂದಿತ್ತು. ಅಂಥ ನೆಲದಲ್ಲಿ ಲಂಡನ್ನಿನ ದರ್ಜಿಯೊಬ್ಬ ರೇಷ್ಮೆಯ ಸೂರಿನಡಿ ಸರಳ ಬದುಕನ್ನು ಸವಿದನು. ಆ ರೇಷ್ಮೆಯೂ ಸಾಗರದಾಚೆಯಿಂದ ಬಂದದ್ದು, ಬಡವನ ಬಟ್ಟೆಯಲ್ಲ. ಸರಳತೆಯೂ ಕೆಲವೊಮ್ಮೆ ದುಬಾರಿ. ಹೀಗಿದ್ದರೂ ಒಂದು ವ್ಯತ್ಯಾಸವನ್ನು ಅಲ್ಲಗಳೆಯಲಾಗದು: ತನ್ನ ಹೊರೆಯನ್ನು ತಾನೇ ತುಳಿದು ತಂದವನು ತಂದದ್ದನ್ನೆಲ್ಲ ಮರಳಿ ಒಯ್ಯುತ್ತಾನೆ. ಬಿಟ್ಟುಹೋಗುವಷ್ಟು ಅವನ ಬಳಿ ಇರುವುದಿಲ್ಲ. ವಾರಾಂತ್ಯದಲ್ಲಿ ವಾಹನ ತುಂಬಿ ಬಂದು, ಹಳ್ಳದ ದಂಡೆಯಲ್ಲಿ ಬಾಟಲಿ-ತಟ್ಟೆಗಳ ರಾಶಿಯನ್ನು ಬಿಟ್ಟುಹೋಗುವವರನ್ನು ಕಂಡ ಘಟ್ಟದ ಹಳ್ಳಿಗರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಿಲ್ಲ.

ಪುಸ್ತಕದ ಪ್ರಭಾವದಿಂದ 1901ರಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘವೊಂದು ಹುಟ್ಟಿತು. ವಾಂಟೇಜ್ ಎಂಬ ಊರಿನಲ್ಲಿ ನಡೆದ ಅದರ ಮೊದಲ ಶಿಬಿರಕ್ಕೆ ಬಂದವರು ಆರು ಮಂದಿ. 1906ರಲ್ಲಿ ವೇಬ್ರಿಡ್ಜಿನಲ್ಲಿ ಸಂಘ ತನ್ನದೇ ಶಿಬಿರಸ್ಥಳವನ್ನು ತೆರೆಯುವ ವೇಳೆಗೆ ಸದಸ್ಯರು ನೂರಾರು. 1908ರಲ್ಲಿ ಹೋಲ್ಡಿಂಗ್ ಶಿಬಿರ ಹೂಡುವವರಿಗಾಗಿ ದೊಡ್ಡ ಕೈಪಿಡಿಯನ್ನೇ ಬರೆದನು.

ಅವನ ಡೇರೆಯನ್ನು ಹಾಗೆಯೇ ತಂದು ಸಹ್ಯಾದ್ರಿಯಲ್ಲಿ ನಿಲ್ಲಿಸಿದರೆ ಆಷಾಢದ ಒಂದು ರಾತ್ರಿಯನ್ನೂ ಅದು ತಾಳಲಾರದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಈ ಮಳೆಯನ್ನು ಬಲ್ಲ ಕೈಗಳು ಇಲ್ಲಿಯವೇ. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆಗಳನ್ನು ಹಾಸಿ ಮಾಡುವ ಗೊರಬನ್ನು ನೋಡಿ. ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುವ ಅದು, ನೆಟ್ಟಿಯ ಗದ್ದೆಯಲ್ಲಿ ಬಾಗಿದ ಹೆಂಗಸಿನ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಅದೂ ಮೈಮೇಲೆ ಹೊತ್ತು ನಡೆಯುವ ಸೂರು. ಬೆನ್ನಿನ ಬಾಗನ್ನು ಅಳೆದೇ ಅದರ ಆಕಾರ ಮೂಡಿದೆ. ಪ್ಲಾಸ್ಟಿಕ್ ಹಾಳೆ ಬಂದು ಗೊರಬು ಅಟ್ಟ ಸೇರಿತು. ಹೆಣೆಯುವವರು ಕೆಲವರಾದರೂ ಇನ್ನೂ ಇದ್ದಾರೆ, ಅವರ ಬಳಿ ಕುಳಿತು ಕಲಿಯುವವರು ವಿರಳ.

ಸೈಕಲ್ ಯಾತ್ರೆಯ ಉತ್ಸಾಹದಲ್ಲಿರುವ ವಿದ್ಯಾರ್ಥಿಗಳು ಡೇರೆಯನ್ನು ಪೇಟೆಯಿಂದ ತರಿಸುವ ಮೊದಲು ಊರಿನ ದರ್ಜಿಯನ್ನೂ ಬಿದಿರು ಹೆಣೆಯುವವರನ್ನೂ ಒಂದೇ ಜಗಲಿಯಲ್ಲಿ ಕೂರಿಸಲಿ. ಕಾಡಿನೊಳಗೆ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಯಾತ್ರೆಗೆ ಶಾಲೆಯ ಬಯಲೋ, ಮನೆಯವರು ಒಪ್ಪಿದ ಅಂಗಳವೋ ಸಾಕು. ಹೊಲಿಯುವ ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳಿ, ಹೊಲಿದ ಮೇಲೆ ಮಡಿಕೆಗೂ ಉಜ್ಜಿ. ಮುಂಗಾರಿಗೆ ಮುನ್ನ ಬೀಳುವ ಅಡ್ಡಮಳೆಯಲ್ಲಿ ಅಂಗಳದಲ್ಲಿಯೇ ಡೇರೆ ಹೂಡಿ ಒಂದು ರಾತ್ರಿ ಮಲಗಿ, ಎಲ್ಲೆಲ್ಲಿ ಸೋರಿತೆಂದು ಸುಣ್ಣದಿಂದ ಗುರುತು ಹಾಕಿಟ್ಟುಕೊಳ್ಳಿ.