ಐಸಿಯು ಅಂಕಗಳನ್ನು ನಾವು ಓದಬೇಕಾದ ಬಗೆ

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ಈ ದಿನ ನಾವು ಮಕ್ಕಳ ಅಂಕಗಳ ಬಗ್ಗೆ ಮಾತನಾಡುತ್ತೇವೆ. ಈ ಸಲ ಬೇರೊಂದು ಅಂಕದ ಬಗ್ಗೆ ಹೇಳಬೇಕಾಗಿದೆ.

ಈ ವರ್ಷ ವೈದ್ಯಕೀಯ ನೆರವು ಕೇಳಿ ಬಂದ ಒಂದು ಅರ್ಜಿಯ ಜೊತೆ ಆಸ್ಪತ್ರೆಯ ಚೀಟಿಯಿತ್ತು. ಅದರಲ್ಲಿ 'ಸೆಪ್ಟಿಕ್ ಶಾಕ್, ಸೋಫಾ ಸ್ಕೋರ್ 11' ಎಂದು ಬರೆದಿತ್ತು. ನಮ್ಮ ಸಮಿತಿಯಲ್ಲೇ ಒಬ್ಬರು ಮೊಬೈಲ್ ನೋಡಿ, "ಇಷ್ಟು ಸ್ಕೋರ್ ಇದ್ದರೆ ಉಳಿಯುವುದು ಕಷ್ಟ. ಝಕಾತ್‌ನ ಹಣ, ಬದುಕುವವರಿಗೆ ಕೊಟ್ಟರೆ ಒಳ್ಳೆಯದಲ್ಲವೇ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ. ಆದರೆ ಉತ್ತರ ಹುಡುಕಲು ನಾವು ಅರ್ಧ ದಿನ ಕಳೆದೆವು. ಸಂಜೆ ಹಣ ಮಂಜೂರಾಯಿತು. ಆ ಅರ್ಧ ದಿನದ ಲೆಕ್ಕವನ್ನು ನಿಮ್ಮ ಮುಂದೆ ಇಡುವುದು ನಮ್ಮ ಕರ್ತವ್ಯ.

ಮೊದಲು ಕಾಯಿಲೆಯ ವಿಷಯ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹೆರಿಗೆಯ ನಂತರದ ಸೋಂಕು, ಹೀಗೆ ಯಾವುದರಿಂದಲೂ ಸೆಪ್ಸಿಸ್ ಬರಬಹುದು. ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟವೇ ಹದ ತಪ್ಪಿ ಅಂಗಾಂಗಗಳಿಗೆ ಹಾನಿಯಾಗುತ್ತದೆ. 2016ರ ಅಂತಾರಾಷ್ಟ್ರೀಯ ವ್ಯಾಖ್ಯೆಯಂತೆ, ಸಾಕಷ್ಟು ದ್ರವ ಕೊಟ್ಟ ಮೇಲೂ ಬಿಪಿ ನಿಲ್ಲಿಸಲು ಔಷಧಿ ಬೇಕಾಗಿ, ರಕ್ತದಲ್ಲಿ ಲ್ಯಾಕ್ಟೇಟ್ 2 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ ಅದು ಸೆಪ್ಟಿಕ್ ಶಾಕ್. ಅಂಥವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ ಎಂದು ಆ ತಜ್ಞರು ದಾಖಲಿಸಿದ್ದಾರೆ.

ಇನ್ನು ಅಂಕಗಳು. ಅಮೆರಿಕದ 13 ಆಸ್ಪತ್ರೆಗಳ 5,815 ಐಸಿಯು ರೋಗಿಗಳ ದಾಖಲೆಗಳನ್ನಿಟ್ಟುಕೊಂಡು 1985ರಲ್ಲಿ 'ಅಪಾಚೆ 2' ಎಂಬ ಪದ್ಧತಿ ಬಂತು. ಅದು ಮೊದಲ 24 ಗಂಟೆಯ ತಪಾಸಣೆ, ವಯಸ್ಸು, ಹಳೆಯ ಕಾಯಿಲೆ ಇವನ್ನು ಕೂಡಿಸಿ 71ರವರೆಗೆ ಅಂಕ ಕೊಡುತ್ತದೆ. 1996ರಲ್ಲಿ ಪ್ರಕಟವಾದ 'ಸೋಫಾ' ಇನ್ನೂ ಸರಳ. ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮೆದುಳು, ಮೂತ್ರಪಿಂಡ ಎಂಬ ಆರು ವಿಷಯಗಳು, ಒಂದೊಂದಕ್ಕೆ 0ಯಿಂದ 4, ಒಟ್ಟು 24. ಇಲ್ಲಿ ಅಂಕ ಹೆಚ್ಚಾದಷ್ಟೂ ಸ್ಥಿತಿ ಗಂಭೀರ. ಅಂಗಗಳು ಎಷ್ಟು ಸೋತಿವೆ ಎಂದು ದಿನದಿನವೂ ವಿವರಿಸಲೆಂದೇ ಅದನ್ನು ರೂಪಿಸಿದ್ದು. ಸಾವಿನ ಅಂದಾಜಿಗೆ ಬಳಸಲು ಶುರುವಾದದ್ದು ನಂತರ.

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಅಂಕ ಹಾಕಿದ ನಮಗೆ ಇದರಲ್ಲಿ ಒಂದು ಪರಿಚಿತ ಅಪಾಯ ಕಾಣುತ್ತದೆ. ಅರ್ಧವಾರ್ಷಿಕದಲ್ಲಿ 28 ಅಂಕ ತೆಗೆದ ಮಕ್ಕಳಲ್ಲಿ ಸಾಮಾನ್ಯವಾಗಿ ಎಷ್ಟು ಮಂದಿ ಮಾರ್ಚ್‌ನಲ್ಲಿ ಫೇಲಾಗುತ್ತಾರೆ ಎಂದು ಹಳೆಯ ಶಿಕ್ಷಕರು ಅಂದಾಜು ಹೇಳಬಲ್ಲರು. ಆದರೆ ನಮ್ಮೆದುರು ಕುಳಿತ ಈ ಹುಡುಗ ಅವರಲ್ಲಿ ಒಬ್ಬನೋ ಅಲ್ಲವೋ ಎಂದು ಆ ಅಂದಾಜು ಹೇಳುವುದಿಲ್ಲ. ಐಸಿಯು ಅಂಕವೂ ಹೀಗೆಯೇ. ನೂರು ಜನರ ಬಗ್ಗೆ ಅದು ಚೆನ್ನಾಗಿ ಹೇಳುತ್ತದೆ, ಹಾಸಿಗೆಯ ಮೇಲಿರುವ ಒಬ್ಬರ ಬಗ್ಗೆ ಖಚಿತವಾಗಿ ಹೇಳಲಾರದು. ಆಯುಷ್ಯದ ಲೆಕ್ಕ ಅಲ್ಲಾಹನ ಬಳಿ ಮಾತ್ರ.

ಹಾಗೆಂದು ಅಂಕ ನಿರರ್ಥಕವಲ್ಲ. ಬ್ರಸೆಲ್ಸ್‌ನ ಐಸಿಯು ಒಂದರಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವು, ಮೊದಲ ಅಂಕ ಎಷ್ಟೇ ಇರಲಿ, 48 ಗಂಟೆಗಳಲ್ಲಿ ಸೋಫಾ ಅಂಕ ಏರಿದ ರೋಗಿಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ತೀರಿಕೊಂಡರೆಂದು ತೋರಿಸಿತು. ಅಂಕ ಇಳಿದವರಲ್ಲಿ ಸಾವು ಬಹಳ ಕಡಿಮೆ. ಹಾಗಾಗಿ ಐಸಿಯು ಬಾಗಿಲಲ್ಲಿ ನಿಂತಾಗ "ಸ್ಕೋರ್ ಎಷ್ಟು?" ಎಂದಷ್ಟೇ ಕೇಳಬೇಡಿ. "ನಿನ್ನೆಗಿಂತ ಇವತ್ತು ಹೇಗಿದೆ? ಯಾವ ಅಂಗ ಸುಧಾರಿಸಿದೆ, ಯಾವುದು ಇಲ್ಲ?" ಎಂದು ಕೇಳಿ. ವೈದ್ಯರಿಗೂ ಉತ್ತರಿಸಲು ಸುಲಭ, ಮನೆಯವರಿಗೂ ತಿಳಿಯುತ್ತದೆ.

ಮನೆಯಲ್ಲಿ ನೆನಪಿಡಬೇಕಾದದ್ದು ಇನ್ನೊಂದಿದೆ. ಸೋಂಕು ಇರುವವರಿಗೆ ಉಸಿರು ಜೋರಾದರೆ, ಮಾತು ತೊದಲಿದರೆ ಅಥವಾ ಗಲಿಬಿಲಿಯಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರ ಇಲ್ಲದೆಯೂ ಇದು ಬರಬಹುದು, ಮುಖ್ಯವಾಗಿ ವಯಸ್ಸಾದವರಲ್ಲಿ. ಶಾಕ್ ಇದ್ದರೆ ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕೆಂದು 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ದುಆ ಮಾಡೋಣ, ಜೊತೆಗೆ ಗಾಡಿಯನ್ನೂ ಕರೆಸೋಣ. ಮೊದಲು ಒಂಟೆ ಕಟ್ಟಬೇಕೆಂಬ ಪಾಠ ನಮಗೆಲ್ಲ ಗೊತ್ತಿರುವುದೇ.

ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳಿಗೆ ಸೇರಿದ ಮಕ್ಕಳೇ, ಆ ಅಂಕ ಹುಟ್ಟುವುದು ನಿಮ್ಮ ಕೈಯಲ್ಲಿ. ಮೂತ್ರದ ಅಳತೆ, ಪ್ಲೇಟ್‌ಲೆಟ್, ಬಿಲಿರುಬಿನ್, ಕ್ರಿಯಾಟಿನಿನ್, ಇವುಗಳಲ್ಲಿ ಒಂದನ್ನು ಅಂದಾಜಿನಲ್ಲಿ ಬರೆದರೂ ಇಡೀ ಅಂಕ ಸುಳ್ಳಾಗುತ್ತದೆ. ದಾನಿಗಳೇ, ನಿಮ್ಮ ವಿದ್ಯಾರ್ಥಿವೇತನ ಸರಿಯಾಗಿ ಅಳೆಯಬಲ್ಲ ಕೈಗಳನ್ನು ತಯಾರು ಮಾಡುತ್ತಿದೆ.

ಕೊನೆಯ ಮಾತು. ಆ ಅರ್ಜಿಯ ತಾಯಿ ಒಂಬತ್ತನೇ ದಿನ ತೀರಿಕೊಂಡರು. ಹಾಗಾದರೆ ಸಮಿತಿಯ ಅನುಮಾನವೇ ಸರಿಯಾಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ನಮಗೆ ಹಾಗೆ ಅನಿಸಲಿಲ್ಲ. ಅವರ ಮಗ ಬಂದು, "ಸರ್, ಹಣಕ್ಕಾಗಿ ಅಮ್ಮನನ್ನು ಅರ್ಧಕ್ಕೇ ಮನೆಗೆ ಕರೆತರಲಿಲ್ಲ, ಅಷ್ಟು ಸಾಕು" ಎಂದ. ಆಮೇಲೆ ಸಮಿತಿ ಎರಡು ತೀರ್ಮಾನ ಮಾಡಿತು. ತುರ್ತು ಅರ್ಜಿಗೆ ಅದೇ ದಿನ ಉತ್ತರ ಕೊಡಬೇಕು. ಯಾರದೇ ಐಸಿಯು ಅಂಕ ನೋಡಿ ನೆರವು ನಿರಾಕರಿಸಬಾರದು. ಚಿಕಿತ್ಸೆ ಮುಂದುವರಿಸುವ ನಿರ್ಧಾರ ವೈದ್ಯರಿಗೂ ಮನೆಯವರಿಗೂ ಸೇರಿದ್ದು. ಅವರ ಬೆನ್ನಿಗೆ ನಿಲ್ಲುವುದಷ್ಟೇ ನಮ್ಮ ಕೆಲಸ.

ಅಲ್ಲಾಹನು ರೋಗಿಗಳಿಗೆ ಶಿಫಾ, ಅಗಲಿದವರಿಗೆ ಮಗ್ಫಿರತ್, ನಿಮ್ಮ ದಾನಕ್ಕೆ ಬರಕತ್ ಕರುಣಿಸಲಿ. ಆಮೀನ್.