ಸೇತುವೆಯ ಕೆಳಗಿನ ಹೊಳೆ



ಚೌತಿಗೆಂದು ಊರಿಗೆ ಹೊರಡುವ ನಮ್ಮಲ್ಲಿ ಅನೇಕರು ಗೋವೆಯ ಹೆದ್ದಾರಿ ಹಿಡಿದು, ಮಹಾಡದ ಬಳಿ ಸಾವಿತ್ರಿ ನದಿಯನ್ನು ದಾಟಿಯೇ ಹೋಗುವವರು. 2016ರ ಆಗಸ್ಟ್ 2ರ ರಾತ್ರಿ ಅಲ್ಲಿನ ಹಳೆಯ ಕಲ್ಲುಕಮಾನಿನ ಸೇತುವೆ ಮಹಾಪೂರದಲ್ಲಿ ಕುಸಿದು, ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರ ಸಮೇತ ಕೊಚ್ಚಿಹೋದವು. ಅದು 1928ರಲ್ಲಿ ಕಟ್ಟಿದ್ದು. ಕುಸಿದ ವರ್ಷದ ಮೇ ತಿಂಗಳಲ್ಲಿ ತಪಾಸಣೆಯಾಗಿತ್ತು, ಅಪಾಯವೇನೂ ಕಂಡಿರಲಿಲ್ಲ ಎಂದು ಸರ್ಕಾರ ತಿಳಿಸಿತು. ಬೇಸಗೆಯಲ್ಲಿ ನೋಡಿದ ಕಣ್ಣಿಗೆ ಕಾಣದೆ ಹೋಗುವಂಥದು ಹೊಳೆಯಲ್ಲಿ ಏನಿರುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿ ತಿಳಿದುದನ್ನು ತಮ್ಮಲ್ಲಿ ಅರಿಕೆ ಮಾಡುತ್ತೇವೆ.

ಪೂರದ ನೀರು ಕಂಬಕ್ಕೆ ಬಡಿದು ಕೆಳಮುಖವಾಗಿ ತಿರುಗುತ್ತದೆ; ಬುಡದಲ್ಲಿ ಸುಳಿಯಾಗಿ ಮರಳನ್ನು ತೋಡುತ್ತದೆ. ಪೂರ ಇಳಿಯುವಾಗ ಅದೇ ನೀರು ಹೂಳು ತಂದು ಗುಂಡಿಯನ್ನು ಮುಚ್ಚಿಬಿಡುವುದುಂಟು. ಮೇ ತಿಂಗಳಲ್ಲಿ ಹೋದವರಿಗೆ ನೆಲ ಸಮನಾಗಿಯೇ ಕಾಣುತ್ತದೆ. ಆದರೆ ಆ ಸಡಿಲ ಹೂಳು ಮುಂದಿನ ಪೂರಕ್ಕೆ ಒಂದು ಗಳಿಗೆಯೂ ತಡೆಯದು. ನಮ್ಮ ದೇಶದ ಇಂಜಿನಿಯರರು ಲೇಸಿ ಎಂಬವರ ಸೂತ್ರದಿಂದ ಈ ಕೊರೆತದ ಆಳವನ್ನು ಲೆಕ್ಕ ಹಾಕುತ್ತಾರೆ. ಕಂಬದ ಬಳಿ ಅದರ ಎರಡರಷ್ಟು ಹಿಡಿಯಬೇಕು, ಅದನ್ನೂ ಪೂರದ ಮಟ್ಟದಿಂದ ಕೆಳಗೆ ಅಳೆಯಬೇಕು, ಪಾಯ ಅದಕ್ಕೂ ಕೆಳಗಿಳಿದಿರಬೇಕು ಎಂಬುದು ನಿಯಮ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೋಹರಿ ಎಂಬ ಹೊಳೆಗೆ 1954ರಲ್ಲಿ ತೆರೆದ ಹೆದ್ದಾರಿ ಸೇತುವೆ, 1987ರ ಏಪ್ರಿಲ್ 5ರಂದು ಬಿದ್ದು 10 ಜನ ಸತ್ತರು. ಪಾಯ ಆಳವಿರಲಿಲ್ಲ, ಕಾವಲಿಗೆ ಸುತ್ತ ಸುರಿದ ಬಂಡೆಗಳನ್ನು ಹೊಳೆ ಒಯ್ದಿತ್ತು. ಆಮೇಲೆ ಆ ದೇಶದವರು ಸೇತುವೆಯ ಜೊತೆಗೆ ಹೊಳೆಯನ್ನೂ ಪರೀಕ್ಷಿಸುವ ಕೈಪಿಡಿಯನ್ನು 1991ರಲ್ಲಿ ಹೊರಡಿಸಿದರು. ಹತ್ತು ಜನ ಹೋದ ಮೇಲೆ ಎನ್ನಿ!

ಅದರಲ್ಲಿ ಹೇಳಿದ ಎಷ್ಟೋ ಲಕ್ಷಣಗಳು ಯಾವ ಯಂತ್ರವೂ ಇಲ್ಲದೆ ಕಾಣುವಂಥವು. ಸೇತುವೆಯ ಮೇಲೂ ಕೆಳಗೂ ದಡದ ಮರಗಳು ಹೊಳೆಗೆ ವಾಲಿವೆಯೆ? ದಡ ಹಸಿಯಾಗಿ ಕುಸಿಯುತ್ತಿದೆಯೆ? ಹೊಳೆಯ ತಿರುವು ಸರಿದು, ನೀರು ಕಂಬಕ್ಕೆ ಓರೆಯಾಗಿ ಬಡಿಯುತ್ತಿದೆಯೆ? ಮರದ ದಿಮ್ಮಿ, ಕಸಕಡ್ಡಿ ಕಂಬಕ್ಕೆ ಸಿಕ್ಕಿಕೊಂಡಿದೆಯೆ? ಹಿಂದೆ ಹೂತಿದ್ದ ಪಾಯ ಈಗ ಹೊರಗೆ ಇಣುಕುತ್ತಿದೆಯೆ?

ಮರಳಿನ ಮಾತು ಬೇರೆ. ಸೇತುವೆಯಿಂದ ದೂರ, ಕೆಳಗಡೆ ಮರಳು ತೆಗೆದರೆ ಏನಂತೆ ಎನ್ನುವವರಿದ್ದಾರೆ. ಆ ಗುಂಡಿಯ ಮೇಲಂಚನ್ನು ನೀರು ಕೊರೆಯುತ್ತ ಕೊರೆಯುತ್ತ, ತಗ್ಗು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸರಿಯುತ್ತದೆ; ಕೊನೆಗೆ ಕಂಬದ ಬುಡಕ್ಕೇ ಬರುತ್ತದೆ.

ಈ ಸಲ ಊರಿಗೆ ಹೋಗುವವರು ಹೊಳೆಗಿಳಿದು ಒಮ್ಮೆ ನೋಡಿ ಬನ್ನಿರಿ. ಪಾಯ ಕಂಡರೆ ತಾರೀಖು ಹಾಕಿ ಲೋಕೋಪಯೋಗಿ ಇಲಾಖೆಗೆ ಬರೆಯಿರಿ. ಅರ್ಜಿ ಬರೆದುಕೊಡಲು ನಾವು ಸಂಜೆ ಇಲ್ಲಿಯೇ ಇರುತ್ತೇವೆ.